ಮಗಳು ಬರೆದ ಮಸೂದೆ

ಕಾನೂನು ಓದುತ್ತಿರುವ ಮಗಳಿಗೆ ಕಾಲೇಜಿನಲ್ಲಿ ಮಸೂದೆ ಬರೆಯುವ ಅಭ್ಯಾಸ ಕೊಟ್ಟಿದ್ದರು. ಅವಳು ಆರಿಸಿಕೊಂಡದ್ದು ವರದಕ್ಷಿಣೆ. ಮೊನ್ನೆ ನಾನು ಅವರೆಕಾಯಿ ಸುಲಿಯುತ್ತಿದ್ದಾಗ, "ಅಮ್ಮಾ, ವರದಕ್ಷಿಣೆ ಅಂದ್ರೆ ಏನು? ಒಂದೇ ವಾಕ್ಯದಲ್ಲಿ ಹೇಳು" ಅಂದಳು. ಅರ್ಥ ಹೇಳುವ ಸಾಲು ಸಡಿಲವಾದರೆ ಕಾನೂನೆಲ್ಲ ಸೋರಿಹೋಗುತ್ತದಂತೆ. 1961ರ ಕಾಯಿದೆಯಲ್ಲಿ 'ಮದುವೆಗೆ ಪ್ರತಿಫಲವಾಗಿ' ಕೊಟ್ಟದ್ದು ಎಂದಿತ್ತಂತೆ. 1984ರಲ್ಲಿ 'ಮದುವೆಯ ಸಂಬಂಧದಲ್ಲಿ' ಎಂದು ತಿದ್ದಿದರಂತೆ. ಎರಡು ಪದಕ್ಕೆ 23 ವರ್ಷ! ಕೇಳದೆ ಕೊಟ್ಟ ಉಡುಗೊರೆ ಮಾತ್ರ ತಪ್ಪಲ್ಲ, ಆದರೆ ಪಟ್ಟಿ ಬರೆದಿಡಬೇಕು.

"ನಿನ್ನ ಮದುವೇಲಿ ಅವರು ಕೇಳಿದ್ರಾ?"

"ಬಾಯಿಬಿಟ್ಟು ಕೇಳಲಿಲ್ಲ ಕಣೇ. ಹಿರಿಸೊಸೆ ತವರಿನವರು ಏನೇನು ಕೊಟ್ಟರು ಅಂತ ಹೇಳಿದ್ರು, ಅಷ್ಟೇ. ನಿನ್ನ ತಾತ ತೋಟ ಮಾರಿದರು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ನೇರವಾಗಿ ಕೇಳಿದರೂ, ಇನ್ನೊಬ್ಬರಿಗೆ ಹೋಲಿಸಿ ಸೂಚಿಸಿದರೂ' ಎಂದು ಸೇರಿಸಿ ಗಟ್ಟಿಯಾಗಿ ಓದಿದಳು. ಒಳಕೋಣೆಯಲ್ಲಿ ನಮ್ಮವರು ಕೆಮ್ಮಿದರು.