ಒಂದಂಗುಲದ ರಾಜಿ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ 1984ರ ಮಾಡೆಲ್ಲು. ಗುಮಾಸ್ತನ ಸಂಬಳಕ್ಕೆ ಹೊಸದು ಎಟುಕದೆ, 1995ರಲ್ಲಿ ಬ್ಯಾಂಕಿನ ಸಾಲ ತೆಗೆದು ಸೆಕೆಂಡ್ ಹ್ಯಾಂಡ್ ಕೊಂಡೆ. ಮಗಳ ಮದುವೆಗೆ ಬೀಗರನ್ನು ಕರೆತಂದದ್ದು ಅದೇ. ಮೊಮ್ಮಗನನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಅದೇ. ಆ ಮೊಮ್ಮಗ ಈಗ ಇಂಜಿನಿಯರಿಂಗ್ ಮೊದಲ ವರ್ಷ. ಡ್ರೈವಿಂಗ್ ಲೈಸೆನ್ಸ್ ಕೈಗೆ ಬಂದ ದಿನವೇ, "ತಾತ, ಗಾಡಿ ಎರಡಿಂಚು ಇಳಿಸೋಣ. ನೆಲಕ್ಕೆ ಅಂಟಿಕೊಂಡ ಹಾಗೆ ಹೋದ್ರೆ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ?" ಎಂದ.

"ಬೇಡ" ಎಂದು ಪೇಪರು ಬಿಡಿಸಿಕೊಂಡೆ. ಯಾಕೆ ಬೇಡ ಎಂದು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಅದು ನನಗೂ ಗೊತ್ತಿರಲಿಲ್ಲ.

ನಾವಿಬ್ಬರೂ ನೆಂಟರ ಮದುವೆ ಮುಗಿಸಿ ನಾಲ್ಕು ದಿನ ಬಿಟ್ಟು ಬರುವಷ್ಟರಲ್ಲಿ, ಅವನು ಯಾವುದೋ ಗ್ಯಾರೇಜಿಗೆ ಹೋಗಿ ಮುಂದಿನ ಎರಡೂ ಸುರುಳಿ ಸ್ಪ್ರಿಂಗುಗಳಿಂದ ಒಂದೂವರೆ ಸುತ್ತನ್ನು ಗ್ಯಾಸ್ ಕಟರಿನಲ್ಲಿ ಕತ್ತರಿಸಿಕೊಂಡು ಬಂದಿದ್ದ. ಮಾರನೆಯ ದಿನ ಅಜ್ಜಿಯನ್ನು ಮುಂದೆ ಕೂರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೊರಟ. ಬೀದಿ ಕೊನೆಯ ಹಂಪ್ ಮೇಲೆ ಗಾಡಿಯ ತಳ ಕರ್ರೆಂದು ಉಜ್ಜಿತು, ಧಡ್ ಎಂದು ಬಿತ್ತು. ನನ್ನಾಕೆ "ಅಮ್ಮಾ" ಎಂದದ್ದು ಬಿಟ್ಟರೆ ಮಾತಾಡಲಿಲ್ಲ. ಆದರೆ ಸೊಂಟ ಹಿಡಿದುಕೊಂಡು ಹತ್ತು ದಿನ ಮಲಗಿದಳು. ಹುಡುಗ ಆ ರಾತ್ರಿ ಊಟಕ್ಕೆ ಏಳಲಿಲ್ಲ.

ನಾನು ಬೈಯಲು ಬಾಯಿ ತೆರೆದಾಗ ಅವಳೇ ತಡೆದಳು. "ಬೇಡ ಅಂದ್ರಿ ಸರಿ. ಯಾಕೆ ಬೇಡ ಅಂತ ಕೂರಿಸಿಕೊಂಡು ಹೇಳಿದ್ರಾ?"

ಮರುದಿನ ಒಂದು ಹಳೆಯ ಲೆಕ್ಕದ ಪುಸ್ತಕ ತೆಗೆದು ಅವನ ಮುಂದಿಟ್ಟೆ. "ಬಾಪ್ಪ, ಇಬ್ಬರೂ ಕಲಿಯೋಣ" ಎಂದೆ.

ಮಕ್ಕಳೇ, ನಾವು ಕಲಿತದ್ದನ್ನು ನೀವೂ ಮಾಡಿ ನೋಡಬಹುದು. ಹಳೇ ಬಾಲ್ ಪೆನ್ನಿನ ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ. ಎರಡರಷ್ಟು ಬಲ ಹಾಕಿದರೆ ಎರಡರಷ್ಟು ಕುಗ್ಗುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಈ ನಿಯಮವನ್ನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚು ಹಾಕಿಸಿದ್ದ. ಅದರ ಅರ್ಥ ಬಿಡಿಸಿ ಹೇಳಿದ್ದು 1678ರಲ್ಲಿ. ಈಗ ಆ ಸ್ಪ್ರಿಂಗನ್ನು ಅರ್ಧಕ್ಕೆ ತುಂಡು ಮಾಡಿ ಒತ್ತಿ. ಮೆತ್ತಗಾಗುವ ಬದಲು ಎರಡರಷ್ಟು ಗಡಸಾಗಿರುತ್ತದೆ! ಬಳುಕಲು ಇರುವ ತಂತಿಯೇ ಕಡಿಮೆಯಾಯಿತಲ್ಲ. ಎಂಟು ಸುತ್ತಿನ ಸ್ಪ್ರಿಂಗಿನಲ್ಲಿ ಒಂದೂವರೆ ಸುತ್ತು ಹೋದರೆ ಗಡಸುತನ ನೂರಕ್ಕೆ 23ರಷ್ಟು ಏರುತ್ತದೆ. ಸಾಲದ್ದಕ್ಕೆ, ಗಾಡಿ ಕೆಳಗೆ ಕುಳಿತದ್ದರಿಂದ ಚಕ್ರ ಮೇಲೇರಲು ಇದ್ದ ಜಾಗವೂ ಕಡಿಮೆಯಾಗಿ, ತಡೆಯುವ ರಬ್ಬರಿಗೆ ಬಡಿಯುತ್ತಿತ್ತು. ಅಜ್ಜಿಯ ಸೊಂಟಕ್ಕೆ ಬಿದ್ದ ಪೆಟ್ಟು ಅದೇ.

ನಮ್ಮ ಹಳೇ ಮೆಕ್ಯಾನಿಕ್ ಸಾಬರು ಸ್ಪ್ರಿಂಗ್ ಬಿಚ್ಚಿ ತೋರಿಸಿ ಇನ್ನೆರಡು ಮಾತು ಹೇಳಿದರು. ಗ್ಯಾಸಿನ ಬೆಂಕಿ ತಗುಲಿದ ಕಡೆ ಉಕ್ಕಿನ ಹದ ಕೆಡುತ್ತದೆ. ಕತ್ತರಿಸಿದ ತುದಿ ಕಿಣ್ಣದಲ್ಲಿ ಸಮನಾಗಿ ಕೂರುವುದೂ ಇಲ್ಲ. "ಇಳಿಸಬೇಕಾದ್ರೆ ಇಳಿಸಿ ಸ್ವಾಮಿ, ಆದ್ರೆ ಅಳತೆಗೆ ಹೊಸ ಸ್ಪ್ರಿಂಗ್ ಸುತ್ತಿಸಿ" ಎಂದರು.

ಅಳತೆ ಎಂದರೆ ಹೀಗೆ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿಯಬೇಕು. ನೆಲದಿಂದ ಹಿಡಿದರೆ ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ. ಹಿಂದೆ ಇರುವುದು ಪಟ್ಟಿ ಸ್ಪ್ರಿಂಗು. ಅದನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಬಲಗಡೆ ಒಂದು ಸೆಂಟಿಮೀಟರ್ ಕುಸಿದಿತ್ತು. "ಮೂವತ್ತು ವರ್ಷ ಬಲಗಡೆ ನೀವೊಬ್ಬರೇ ಕೂತು ಓಡಿಸಿದ್ದಕ್ಕೆ ತಾತ" ಎಂದು ನಕ್ಕ. ಅಷ್ಟು ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು.

ಅವನ ವಾದದಲ್ಲೂ ಹುರುಳಿತ್ತು. ಗಾಡಿಯ ಭಾರ ತಗ್ಗಿನಲ್ಲಿದ್ದರೆ ತಿರುವಿನಲ್ಲಿ ವಾಲುವುದು ಕಡಿಮೆ. ತಗ್ಗಿದ ಗಾಡಿ ತಳಕ್ಕೆ ಬಡಿಯದಿರಲು ಸ್ಪ್ರಿಂಗು ತುಸು ಗಡಸಾಗಿಯೂ ಇರಬೇಕು. "ಹಾಗಾದ್ರೆ ತಂತಿ ಒಂದು ಮಿಲಿಮೀಟರ್ ದಪ್ಪ ಮಾಡಿಸೋಣ" ಎಂದ. ಇಲ್ಲಿ ನನ್ನ ಬಿ.ಕಾಂ. ಕೆಲಸಕ್ಕೆ ಬಂತು. ತಂತಿಯ ದಪ್ಪವನ್ನು ನಾಲ್ಕು ಸಲ ಗುಣಿಸಿದಂತೆ ಗಡಸುತನ ಏರುತ್ತದೆ, ಥೇಟ್ ನಾಲ್ಕು ವರ್ಷದ ಚಕ್ರಬಡ್ಡಿ! 12 ಮಿ.ಮೀ. ತಂತಿ 13 ಆದರೆ 100 ರೂಪಾಯಿ 137 ರೂಪಾಯಿ 74 ಪೈಸೆ ಆದಂತೆ. 12.5 ಆದರೆ ಸುಮಾರು 118. "ಅರ್ಧ ಸಾಕು" ಎಂದು ಅವನೇ ಬರೆದುಕೊಂಡ.

ಇನ್ನು ಎಷ್ಟು ಇಳಿಸುವುದು? ಐದು ಜನ ಕೂತು, ಡಿಕ್ಕಿ ತುಂಬಿದಾಗಲೂ ಬೀದಿ ಹಂಪಿಗೆ ಸೈಲೆನ್ಸರ್ ತಾಗಬಾರದು. ಅವನದು ಎರಡಿಂಚು, ನನ್ನದು ಸೊನ್ನೆ. ಲೆಕ್ಕ ಒಪ್ಪಿದ್ದು ಒಂದಿಂಚು. ಸ್ಪ್ರಿಂಗು ಇರುವುದು ಚಕ್ರದ ನೇರಕ್ಕಲ್ಲ, ತೋಳಿನ ಒಳಭಾಗದಲ್ಲಿ. ಏತದ ಮರದ ಹಾಗೆ, ಚಕ್ರದಲ್ಲಿ ಒಂದಿಂಚು ಬೇಕಾದರೆ ಸ್ಪ್ರಿಂಗಿನಲ್ಲಿ ಅದಕ್ಕಿಂತ ಕಡಿಮೆ ಸಾಕು. ಜಾಕ್ ಹಾಕಿ ಎತ್ತಿ ಚಕ್ರ ಜೋತುಬಿದ್ದಾಗ ಸ್ಪ್ರಿಂಗು ಕಿಣ್ಣದಿಂದ ಸಡಿಲವಾಗಬಾರದು, ಅಷ್ಟು ಉದ್ದ ಉಳಿಯಲೇಬೇಕು. ಬೆಂಗಳೂರಿನಲ್ಲಿ ಸುತ್ತಿಸಿ ತಂದ ಸ್ಪ್ರಿಂಗು ಕೂರಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಬೆಳಕು ನೆಟ್ಟಗಾಗಿಸಿದೆವು. ಹಿಂದಿನ ಪಟ್ಟಿಗಳ ತಂಟೆಗೆ ಹೋಗಲಿಲ್ಲ.

ಮೊದಲ ಸವಾರಿಗೆ ನನ್ನಾಕೆಯನ್ನು ಹಿಂದೆ ಕೂರು ಎಂದೆ. "ಯಾಕ್ರೀ? ನಾನು ಮುಂದೇನೇ" ಎಂದು ಮೊಮ್ಮಗನ ಪಕ್ಕ ಕೂತಳು. ಬೀದಿ ಕೊನೆ ಬರುತ್ತಿದ್ದಂತೆ ಅವನ ಹಣೆ ಬೆವರಿತು. ಗಾಡಿ ನಿಧಾನ ಹತ್ತಿತು, ಇಳಿಯಿತು. ಉಜ್ಜಲಿಲ್ಲ, ಬಡಿಯಲಿಲ್ಲ.

"ಈ ಸ್ಪ್ರಿಂಗು ಪರವಾಗಿಲ್ಲ ಕಣೋ" ಎಂದಳು.

ನನ್ನ ವಯಸ್ಸಿನ ಓದುಗರಿಗೆ ಒಂದು ಮಾತು. "ಬೇಡ" ಎನ್ನಲು ನಮಗೆ ಅಧಿಕಾರವಿದೆ. ಅದರ ಜೊತೆ ಕಾರಣವನ್ನೂ ಕೊಟ್ಟಿದ್ದರೆ, ನನ್ನಾಕೆಯ ಹತ್ತು ದಿನದ ನೋವು ತಪ್ಪುತ್ತಿತ್ತು.