ಒಂದು ಗ್ಲಾಸು, ಒಂದು ನೈಂಟಿ

ಮೊದಲೇ ಹೇಳಿಬಿಡುತ್ತೇವೆ, ಇದು ಬಿಯರ್ ಕುಡಿದ ಕತೆ. ಬೈಯುವವರು ಪೂರ್ತಿ ಓದಿ ಬೈಯಿರಿ.

2024ರ ಡಿಸೆಂಬರ್‌ನ ಒಂದು ಭಾನುವಾರ ನಾವು ನಾಲ್ವರು ಬೆಂಗಳೂರಿನ ಒಂದು ಮೈಕ್ರೋಬ್ರೂವರಿಗೆ ಹೋಗಿದ್ದೆವು. ಅಂದರೆ ಬಿಯರನ್ನು ಅಲ್ಲೇ ಮಾಡಿ ಅಲ್ಲೇ ಮಾರುವ ಜಾಗ. ನಮ್ಮ ಜೊತೆ ಡಿಗ್ರಿ ಓದಿದ ಗೆಳೆಯನೊಬ್ಬ, ತುರುವೇಕೆರೆ ಕಡೆಯವನು, ಅಲ್ಲಿ ಬಿಯರ್ ಮಾಡುವ ಕೆಲಸಕ್ಕಿದ್ದಾನೆ. ಮನೆಯಲ್ಲಿ 'ಫುಡ್ ಫ್ಯಾಕ್ಟರಿ' ಎಂದು ಹೇಳಿದ್ದಾನೆ. "ಒಂದ್ಸಲ ಬಂದು ನೋಡ್ರೋ, ನಾನು ಏನು ಮಾಡ್ತೀನಿ ಅಂತ ಊರೋರು ಒಬ್ಬರಿಗಾದ್ರೂ ಗೊತ್ತಿರಲಿ" ಎಂದು ಕರೆದಿದ್ದ.

ಹೋದ ತಕ್ಷಣ ಒಂದು ಮೂಟೆ ಬಿಚ್ಚಿ ನಮ್ಮ ಅಂಗೈಗೆ ಕಾಳು ಹಾಕಿದ. "ಬಾಯಿಗೆ ಹಾಕ್ಕೊಳಿ." ಬಾರ್ಲಿ, ಅಂದರೆ ಜವೆಗೋಧಿ. ಗರಿಗರಿ, ಒಳಗೆ ಸಣ್ಣ ಸಿಹಿ. ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದ ಕಾಳು ಅದು. ಇದೇ ಮಾಲ್ಟ್. ನಮ್ಮ ಅಮ್ಮಂದಿರು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸಿ, ಹುರಿದು, ಬೀಸಿ ಕೂಸಿಗೆ ಕುಡಿಸುವ ರಾಗಿ ಮಾಲ್ಟ್ ಇದೆಯಲ್ಲ, ಇಲ್ಲಿಯವರೆಗೆ ದಾರಿ ಒಂದೇ.

ಮುಂದೆ ದಾರಿ ಬೇರೆ. ಕಾಳನ್ನು ಒಡೆದು ಬಿಸಿನೀರಿನಲ್ಲಿಟ್ಟರೆ ಹಿಟ್ಟಿನಂಶ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನ ಜೊತೆ ಕುದಿಸುತ್ತಾರೆ, ಕಹಿ ಬರುವುದು ಅದರಿಂದ. ಆರಿಸಿ ಯೀಸ್ಟ್ ಹಾಕಿದರೆ, ಅದು ಸಕ್ಕರೆ ತಿಂದು ಮದ್ಯ ಬಿಡುತ್ತದೆ. ನಾವು ಕುಡಿದದ್ದು ಬೆಲ್ಜಿಯಂ ಶೈಲಿಯ ಪೇಲ್ ಏಲ್. ಅದರ ಗುಟ್ಟಿರುವುದು ಯೀಸ್ಟ್‌ನಲ್ಲೇ ಎಂದ ಗೆಳೆಯ. ಹಣ್ಣು ಹಾಕಿಲ್ಲ, ಲವಂಗ ಹಾಕಿಲ್ಲ, ಆದರೂ ಎರಡರ ವಾಸನೆಯೂ ಇತ್ತು.

ಬಣ್ಣ, ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಚೊಂಬಿನಂತೆ. ಮೊದಲ ಗುಟುಕಿಗೆ ಹುರಿದ ಕಾಳಿನ ರುಚಿ, ಆಮೇಲೆ ಕಳಿತ ಹಣ್ಣು, ಕೊನೆಗೆ ನಾಲಿಗೆಯ ಹಿಂದೆ ಮೆಂತ್ಯದಷ್ಟು ಕಹಿ. ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ.

ಚೆನ್ನಾಗಿತ್ತು ಎಂದವರು ಮೂವರು. ನಮ್ಮಲ್ಲೊಬ್ಬಳು, ರಾಯಚೂರು ಕಡೆಯವಳು, ಗ್ಲಾಸನ್ನು ಮೂಗಿನ ಹತ್ತಿರ ತಂದು, ವಾಸನೆ ನೋಡಿ, ಹಾಗೇ ಇಟ್ಟಳು. ನಾವು ಒತ್ತಾಯ ಮಾಡಲಿಲ್ಲ. ಅವಳ ಅಪ್ಪ ಸಾರಾಯಿ ಪ್ಯಾಕೆಟ್ ಕುಡಿಯುತ್ತಿದ್ದವರು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅವಳ ಅವ್ವ ಓಣಿಯಲ್ಲಿ ಸಕ್ಕರೆ ಹಂಚಿದ್ದರಂತೆ. ಅಪ್ಪ ಕೆಲವೇ ತಿಂಗಳಲ್ಲಿ ವಿಸ್ಕಿಗೆ ಬಂದರು. 2016ರಲ್ಲಿ ತೀರಿಕೊಂಡರು. ಲಿವರ್ ಹೋಗಿತ್ತು.

ಮಾತು ಬದಲಿಸಲೆಂದೋ ಏನೋ, ಗೆಳೆಯ ಬೆಲ್ಜಿಯಂ ಕತೆ ತೆಗೆದ. ಅಲ್ಲಿಯೂ ಕೂಲಿಯವರು ಜೆನೆವರ್ ಎಂಬ ಕಡಕ್ ಮದ್ಯ ಕುಡಿದು ಹಾಳಾಗುತ್ತಿದ್ದರು. 1919ರಲ್ಲಿ ವಾಂಡರ್‌ವೆಲ್ಡೆ ಎಂಬ ಸಮಾಜವಾದಿ ಮಂತ್ರಿ ಕಾನೂನು ತಂದ. ಕೆಫೆಗಳಲ್ಲಿ ಅಂಥ ಮದ್ಯ ಕೊಡುವಂತಿಲ್ಲ, ಅಂಗಡಿಯಲ್ಲಿ ಕೊಂಡರೆ ಕಡಿಮೆಯೆಂದರೂ ಎರಡು ಲೀಟರ್ ಕೊಳ್ಳಬೇಕು. ದಿನಗೂಲಿಯವನ ಕೈಗೆ ಎಟುಕದಿರಲಿ ಎಂದು. ಕಾನೂನು ಅರವತ್ತು ವರ್ಷಕ್ಕೂ ಹೆಚ್ಚು ಇತ್ತು. ಆ ಜಾಗಕ್ಕೆ ಹೆಚ್ಚು ಕಡಕ್ ಬಿಯರ್‌ಗಳು ಬಂದವು. ಅಲ್ಲಿನ ಬಿಯರ್ ಸಂಸ್ಕೃತಿಯನ್ನು 2016ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

"ನಮ್ಮಲ್ಲೂ ಒಂದು ಬಾಗಿಲು ಹಾಕಿದ್ರು. ಇನ್ನೊಂದರಿಂದ ಬಂದದ್ದು ನೈಂಟಿ," ಅಂದಳು ಅವಳು.

ನೈಂಟಿ ಎಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ, 90 ಎಂಎಲ್ ಪ್ಯಾಕೆಟ್. ಅಲ್ಲೇ ಕೂತು ಲೆಕ್ಕ ಹಾಕಿದೆವು. ನಮ್ಮ ಗ್ಲಾಸು 330 ಎಂಎಲ್, ಮದ್ಯಾಂಶ ಶೇಕಡ 5. ಅಂದರೆ ಸುಮಾರು 16 ಎಂಎಲ್ ಮದ್ಯ. ನೈಂಟಿಯಲ್ಲಿ ಮದ್ಯಾಂಶ ಶೇಕಡ 42.8. ಅಂದರೆ 38 ಎಂಎಲ್. ಎರಡು ಪಟ್ಟಿಗೂ ಹೆಚ್ಚು. ಬೆಲೆ ಮಾತ್ರ ಆಗ ನಮ್ಮ ಗ್ಲಾಸಿನ ಕಾಲು ಭಾಗವೂ ಇರಲಿಲ್ಲ. ನಮ್ಮದು ತೆರಿಗೆ ಸೇರಿ ಗ್ಲಾಸಿಗೆ ನಾನೂರರ ಹತ್ತಿರ ಬಂದಿತ್ತು. ಆ ವರ್ಷ ಉದ್ಯೋಗ ಖಾತರಿಯ ದಿನದ ಕೂಲಿ 349 ರೂಪಾಯಿ.

ಬಿಯರ್ ಒಳ್ಳೆಯದು, ವಿಸ್ಕಿ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಇನ್ನೂ ಒಂದೂವರೆ ಗ್ಲಾಸು ಏರಿಸಿದ್ದರೆ ನಮ್ಮ ಲೆಕ್ಕವೂ ಒಂದು ನೈಂಟಿ ದಾಟುತ್ತಿತ್ತು. ನಮ್ಮನ್ನು ತಡೆದದ್ದು ಬುದ್ಧಿಯೋ ಜೇಬೋ, ಖಚಿತವಾಗಿ ಹೇಳಲಾರೆವು.

ಅಷ್ಟರಲ್ಲಿ ಅವಳ ಅವ್ವನ ಫೋನ್ ಬಂತು. 2019ರ ಜನವರಿಯಲ್ಲಿ, ಮದ್ಯ ನಿಲ್ಲಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದ ಹೆಂಗಸರಲ್ಲಿ ಅವರೂ ಒಬ್ಬರು. ಮಗಳು ಮುಚ್ಚಿಡಲಿಲ್ಲ, ಸ್ಪೀಕರ್ ಹಾಕಿದಳು.

"ಬಿಯರ್ ಮಾಡೋದು ನೋಡಾಕ ಬಂದೀವಿ ಬೇ."

"ಕುಡದೇನು?"

"ನಾ ವಾಸನಿ ಅಷ್ಟ ನೋಡಿದೆ. ಇವರು ಕುಡದ್ರು."

ನಾವು ನೆಲ ನೋಡುತ್ತಾ ಕೂತೆವು. ಬೈಗುಳ ಬರಲಿಲ್ಲ. "ಒಂದ ಗ್ಲಾಸ್ ಕುಡಿಯಾಕ ಎಷ್ಟೊತ್ತು ಬೇಕಾತು ಅವರಿಗೆ?" ಎಂದು ಕೇಳಿದರು.

"ಮುಕ್ಕಾಲು ತಾಸು."

"ನಿಮ್ಮಪ್ಪ ನಿಂತಲ್ಲೇ ಒಂದ ಗುಟುಕಿಗೆ ಇಳಿಸ್ತಿದ್ದ. ಅದರ ರುಚಿ ಹೆಂಗಿತ್ತು ಅಂತ ಅವಗೂ ಗೊತ್ತಿರಲಿಲ್ಲ ಬಿಡು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಿರಾಣಿ ಅಂಗಡ್ಯಾಗ ಮಾರೋದು ಇನ್ನೂ ನಿಂತಿಲ್ಲ. ಬರಿಯೋದಿದ್ರ ಅದನ್ನೂ ಬರೀರಿ" ಎಂದರು.

ಬರೆದಿದ್ದೇವೆ. ಗೆಳೆಯ ಆ ರಾತ್ರಿ ತನ್ನ ಅಮ್ಮನಿಗೆ ಫೋನ್ ಮಾಡಿ, ಅದು ಫುಡ್ ಫ್ಯಾಕ್ಟರಿ ಅಲ್ಲ ಎಂದು ಹೇಳಿದನಂತೆ. ಅವರು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ನಿಮ್ಮೂರಿನ ಕಿರಾಣಿ ಅಂಗಡಿಯಲ್ಲಿ, ಸೋಪು ಬಿಸ್ಕತ್ತಿನ ಹಿಂದೆ ಏನಿದೆ? ನಮಗೆ ಬರೆಯಿರಿ. ಹೆಸರು ಹಾಕುವುದಿಲ್ಲ.