ನಾಲ್ಕು ಚಕ್ರ, ಒಂದು ಹ್ಯಾಂಡಲ್

ನಮ್ಮ ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲಿ ನೀಲಿ ತಾಡಪತ್ರಿ ಹೊದ್ದು ಒಂದು ಗಾಡಿ ಕೂತು ವರ್ಷ ದಾಟಿತು. ಗಣಪತಿ ಮಂಟಪ ಹಾಕುವಾಗ ಮಾತ್ರ ನಾಲ್ಕು ಜನ ಸೇರಿ ಅದನ್ನು ಆಚೆ ತಳ್ಳುತ್ತಾರೆ. ತಾಡಪತ್ರಿಯ ಕೆಳಗಿರುವುದು ಕ್ವಾಡ್‌ ಬೈಕು: ನಾಲ್ಕು ದಪ್ಪ ಟೈರು, ಮೇಲೆ ಬೈಕಿನಂಥದೇ ಸೀಟು, ಬೈಕಿನಂಥದೇ ಹ್ಯಾಂಡಲ್. ಒಡೆಯ ಮೂರನೇ ಮಹಡಿಯ ಹುಡುಗ. ಹುಬ್ಬಳ್ಳಿ ಕಡೆಯವರು, ಪುಣೆಗೆ ಬಂದು ಎರಡು ತಲೆಮಾರಾಯಿತು. ಯಾಕಪ್ಪಾ ಓಡಿಸುವುದಿಲ್ಲ ಎಂದು ಕೇಳಿದೆ.

"ಮಣ್ಣಿನ ಟ್ರ್ಯಾಕಿನವರು ಬೈಕ್ ಇದ್ರ ತಗೊಂಡ್ ಬರ್ರಿ ಅಂತಾರ್ರೀ ಕಾಕಾ. ಇದು ಬೈಕ್ ಅಲ್ಲಂತ. ಕಾರಿನವರನ್ನ ಕೇಳಿದ್ರ ಇದು ಕಾರೂ ಅಲ್ಲಂತ."

ಹಾಗಾದರೆ ಏನಿದು? ಅವತ್ತಿನಿಂದ ಶುರುವಾದ ಟಿಪ್ಪಣಿಗಳಿವು.

*

ಪುಣೆಯ ಬಾಲೇವಾಡಿ, 2024ರ ಜನವರಿ 28. ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಮೊಟ್ಟಮೊದಲ ಸುತ್ತು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಕ್ರೀಡಾಸಂಕೀರ್ಣದೊಳಗೆ ಮಣ್ಣು ಸುರಿದು ದಿಬ್ಬ, ತಿರುವು ಎಬ್ಬಿಸಿದ್ದರು. ವರ್ಗಗಳು ನಾಲ್ಕು: 450 ಸಿಸಿ, 250 ಸಿಸಿ, ಭಾರತ–ಏಷ್ಯಾ ಸವಾರರ 250 ಸಿಸಿ, ಮಕ್ಕಳಿಗೆ 85 ಸಿಸಿ. ಮೀಸೆ ಮೂಡದ ಹುಡುಗರಿಗೂ ಒಂದು ಖಾನೆ ಇದೆ ಅಂದಹಾಗಾಯಿತು. ಎಲ್ಲವೂ ಎರಡು ಚಕ್ರದವು. ಆ ಲೀಗನ್ನು ಕೊನೆಗೆ ಗೆದ್ದದ್ದು ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರ ತಂಡ ಬಿಗ್‌ರಾಕ್.

ಸಂತೋಷ್ ಎಂದೊಡನೆ ಡಕಾರ್ ನೆನಪಾಗುತ್ತದೆ. 2015ರಲ್ಲಿ ಆ ಘೋರ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ ಅವರು. ಅದೇ ಡಕಾರ್‌ನಲ್ಲಿ 2009ರಿಂದ ಕ್ವಾಡ್‌ಗಳಿಗೆ ಪ್ರತ್ಯೇಕ ವರ್ಗವಿತ್ತು; 2025ಕ್ಕೆ ಅದನ್ನು ತೆಗೆದೇ ಹಾಕಿದರು. ಇದನ್ನು ಹುಡುಗನಿಗೆ ಹೇಳಲಿಲ್ಲ. ಅವನಿಗೆ ಆಗಲೇ ಗೊತ್ತಿರಬೇಕು.

*

ಚಕ್ರಗಳ ಲೆಕ್ಕ ಎಷ್ಟು ಸಲ ಹಾಕಿದರೂ ಸರಿಹೋಗುತ್ತಿಲ್ಲ. ಬೈಕ್ ರೇಸಿನ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಂ, ಕಾರಿನದು ಎಫ್‌ಐಎ. ನಮ್ಮ ದೇಶದ ಒಕ್ಕೂಟ ಎಫ್‌ಎಂಎಸ್‌ಸಿಐ ಎರಡಕ್ಕೂ ಸೇರಿದ್ದು. ಕ್ವಾಡ್‌ಗೆ ಹ್ಯಾಂಡಲ್ ಇರುವುದರಿಂದ ಅದು ಎಫ್‌ಐಎಂ ಪಾಲಿಗೆ ಬರುತ್ತದೆ. ಮಣ್ಣಿನ ಟ್ರ್ಯಾಕಿನ ರೇಸಾದ ಮೋಟೊಕ್ರಾಸ್‌ನಲ್ಲಿ ಸೈಡ್‌ಕಾರ್ ಎಂಬ ವಿಚಿತ್ರವನ್ನು ನೋಡಿ: ಮೂರು ಚಕ್ರ, ಇಬ್ಬರು ಸವಾರರು, ಒಬ್ಬ ಓಡಿಸುವವನು, ಇನ್ನೊಬ್ಬ ಪಕ್ಕದಲ್ಲಿ ಕೋತಿಯಂತೆ ಜೋತಾಡುವವನು. ಅದಕ್ಕೆ 1980ರಿಂದ ವಿಶ್ವ ಚಾಂಪಿಯನ್‌ಶಿಪ್ ಇದೆ. ಅಂದಮೇಲೆ ಚಕ್ರ ಎಷ್ಟು ಎಂಬುದು ತಕರಾರಲ್ಲ. ಕೇಳುವವರ ಸಂಖ್ಯೆ ಎಷ್ಟು ಎಂಬುದೇ ತಕರಾರು.

ವರ್ಗ ಇಲ್ಲದೆ ಸವಾರ ಬರುವುದಿಲ್ಲ, ಸವಾರ ಇಲ್ಲದೆ ವರ್ಗ ತೆರೆಯುವುದಿಲ್ಲ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು.

*

ಟ್ರ್ಯಾಕಿನವರನ್ನು ಬೈಯುವ ಮೊದಲು ಅವರ ಕಡೆಯಿಂದಲೂ ನೋಡಬೇಕು. ಮೋಟೊಕ್ರಾಸ್ ಬೈಕಿನ ತೂಕ ಸುಮಾರು 110 ಕಿಲೋ. ರೇಸಿನ ಕ್ವಾಡ್ 180ರ ಆಸುಪಾಸು, ಅಗಲ ಒಂದು ಮೀಟರಿಗೂ ಹೆಚ್ಚು. ತಿರುವಿನಲ್ಲಿ ಬೈಕು ವಾಲಿ, ಒಂದೇ ಸಾಲಿನಲ್ಲಿ ಮಣ್ಣು ಕೊರೆಯುತ್ತದೆ, ನೇಗಿಲ ಸಾಲಿನ ಹಾಗೆ. ಕ್ವಾಡ್ ವಾಲುವುದಿಲ್ಲ. ವಾಲಬೇಕಾದವನು ಸವಾರ, ಅವನು ಅರ್ಧ ಮೈ ಹೊರಗೆ ಹಾಕಿ ತಿರುಗಿಸಬೇಕು. ಬೈಕು ಕೊರೆದ ಸಾಲಿಗೆ ಅದರ ಒಂದು ಚಕ್ರ ಇಳಿದರೆ ಇನ್ನೊಂದು ಏರುತ್ತದೆ, ಗಾಡಿ ಮಗುಚಬಹುದು. ಕ್ವಾಡ್‌ಗಳು ಓಡಿದ ಮೇಲೆ ಬೈಕಿನವರಿಗೆ ತಮ್ಮ ಸಾಲೇ ಸಿಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ದಿಬ್ಬದ ಆಚೆ ಒಬ್ಬ ಬೈಕಿನವನು ಬಿದ್ದಿದ್ದಾನೆ, ಈಚೆಯಿಂದ ಕ್ವಾಡ್ ಹಾರಿ ಬರುತ್ತಿದೆ ಎಂದುಕೊಳ್ಳಿ. ನಾನೇ ಟ್ರ್ಯಾಕಿನ ಯಜಮಾನನಾಗಿದ್ದರೂ ಎರಡನ್ನೂ ಒಟ್ಟಿಗೆ ಬಿಡುತ್ತಿರಲಿಲ್ಲ.

ಒಟ್ಟಿಗೆ ಬಿಡಬೇಡಿ, ಸರಿ. ಬೇರೆ ದಿನ? ಅಮೆರಿಕದ ಟೆನೆಸಿಯಲ್ಲಿ ಗಾಯಕಿ ಲೊರೆಟ್ಟಾ ಲಿನ್ ಅವರ ಜಮೀನಿನಲ್ಲಿರುವ ಟ್ರ್ಯಾಕಿನಲ್ಲಿ ಹವ್ಯಾಸಿ ಬೈಕಿನವರ ರಾಷ್ಟ್ರೀಯ ಸ್ಪರ್ಧೆಯೂ ಕ್ವಾಡ್‌ನವರ ಸ್ಪರ್ಧೆಯೂ ನಡೆಯುತ್ತವೆ, ದಿನ ಬೇರೆ ಬೇರೆ. ಮಧ್ಯೆ ಟ್ರ್ಯಾಕನ್ನು ಮಟ್ಟ ಮಾಡುತ್ತಾರೆ. ಅಷ್ಟೇ.

*

ಪುಣೆಯಲ್ಲೇ ಹೀಗಾಗುವುದು ನನಗೆ ಹೆಚ್ಚು ಸೋಜಿಗ. ಇದು ಆಕುರ್ಡಿಯ ಬಜಾಜ್ ಇರುವ ಊರು, ಗಾಡಿಗಳಿಗೆ ಅರ್ಹತಾಪತ್ರ ಕೊಡುವ ಎಆರ್‌ಎಐ 1966ರಿಂದ ಇರುವ ಊರು. ಕಾರೂ ಅಲ್ಲದ ರಿಕ್ಷಾವೂ ಅಲ್ಲದ ಪುಟ್ಟ ನಾಲ್ಕು ಚಕ್ರದ ಗಾಡಿಯನ್ನು ಬಜಾಜ್ 2012ರಲ್ಲಿ ತೋರಿಸಿತು. ಅದಕ್ಕೆ "ಕ್ವಾಡ್ರಿಸೈಕಲ್" ಎಂಬ ಹೊಸ ಜಾತಿಯನ್ನೇ ಸರ್ಕಾರ ಸೃಷ್ಟಿಸಬೇಕಾಯಿತು. ಕೋರ್ಟು ಕಚೇರಿ ಅಲೆದು, ಕ್ಯೂಟ್ ಎಂಬ ಹೆಸರಿನಲ್ಲಿ ಸಾಮಾನ್ಯ ಜನರ ಕೈಸೇರುವಷ್ಟರಲ್ಲಿ 2019. ಪೊಲಾರಿಸ್ ಕಂಪನಿ ಇನ್ನೂ ಜಾಣ: ತನ್ನ ಒಂದು ಎಟಿವಿಗೆ (ಎಲ್ಲ ಬಗೆಯ ನೆಲದಲ್ಲೂ ಓಡುವ ಗಾಡಿಗೆ) ಟ್ರ್ಯಾಕ್ಟರ್ ಎಂಬ ಪಟ್ಟ ಪಡೆದು ಭಾರತದ ರಸ್ತೆಗೆ ಇಳಿಸಿತು! ಇಲ್ಲಿಯ ಎಂಜಿನಿಯರಿಂಗ್ ಹುಡುಗರು ವರ್ಷವಿಡೀ ನಿದ್ದೆಗೆಟ್ಟು 'ಬಾಹಾ' ಸ್ಪರ್ಧೆಗೆ ಎಟಿವಿ ಕಟ್ಟುತ್ತಾರೆ, ಆದರೆ ಅದಕ್ಕೆ ಸ್ಟೀರಿಂಗು, ಸುತ್ತ ಕಬ್ಬಿಣದ ಪಂಜರ. ನಮ್ಮ ಹುಡುಗನ ಗಾಡಿಗೆ ಅದು ದಾಯಾದಿಯೂ ಅಲ್ಲ.

2025ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಸೇನೆಯ ಎಟಿವಿ ಹೋಯಿತು, ಹೆಸರು "ಚೇತಕ್". ಪಕ್ಕದ ಮನೆಯ ಆಜೋಬಾ ಟಿವಿ ಮುಂದೆ ಬಹಳ ಹೊತ್ತು ತಮ್ಮ ಹಳೆಯ ಚೇತಕ್ ಸ್ಕೂಟರಿಗಾಗಿ ಕಾದರು.

*

ಮೊನ್ನೆ ಲೋಣಾವಳಾ ಕಡೆ ಹೋಗಿದ್ದೆವು. ರೆಸಾರ್ಟ್ ಅಂಗಳದಲ್ಲಿ ಬಾಡಿಗೆ ಕ್ವಾಡ್‌ಗಳ ಸಾಲು. ದುಡ್ಡು ಕೊಟ್ಟು, ಹೆಲ್ಮೆಟ್ ಸಿಕ್ಕಿಸಿ, ನನ್ನ ತಂಗಿಯೂ ಎರಡು ಸುತ್ತು ಹಾಕಿ ಬಂದಳು. ಕ್ಲಚ್ ಗೊತ್ತಿಲ್ಲದವರಿಗೆ ಮಣ್ಣು ಸಿಗುತ್ತದೆ. ಕಲಿಯಬೇಕೆಂದು ಗಾಡಿಯನ್ನೇ ಕೊಂಡವನಿಗೆ ಸಿಗುವುದಿಲ್ಲ.

*

ಪುಣೆ ಸುತ್ತಲಿನ ಮೋಟೊಕ್ರಾಸ್ ಕ್ಲಬ್ಬುಗಳವರು ಇದನ್ನು ಯಾರಿಂದಲಾದರೂ ಓದಿಸಿಕೊಂಡರೆ ಒಂದು ಬಿನ್ನಹ. ತಿಂಗಳಿಗೊಂದು ಭಾನುವಾರ, ಮಣ್ಣು ಮಟ್ಟ ಮಾಡುವ ಮೊದಲಿನ ಎರಡು ತಾಸು ಕ್ವಾಡ್‌ಗಳಿಗೆ ಬಿಟ್ಟುಕೊಡಿ. ಮಟ್ಟ ಮಾಡುವ ಖರ್ಚು ತಾನೇ ಕೊಡುತ್ತೇನೆ ಎನ್ನುತ್ತಾನೆ ಹುಡುಗ. ಪಿಕಪ್ ಗಾಡಿಯ ಬಾಡಿಗೆಯನ್ನೂ ವಿಚಾರಿಸಿ ಇಟ್ಟಿದ್ದಾನೆ.